ಆಡಿನ ಪಾಲು

ಒಂದು ಮಾತನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ನಾನು ಈ ಜನ್ಮದಲ್ಲಿ ಸಾವಿರಾರು ಮರ ಬೆಳೆಸಿದ್ದೇನೆ. ಒಂದಕ್ಕೂ ಒಂದು ತಂಬಿಗೆ ನೀರು ಹಾಕಿದವನಲ್ಲ. ನಿಜವಾದ ಮಣ್ಣಿನಲ್ಲಿ ನನ್ನ ಆರೈಕೆಗೆ ಸಿಕ್ಕಿದ್ದು ಹಿತ್ತಲಿನ ಒಂದು ಕರಿಬೇವಿನ ಗಿಡ ಮಾತ್ರ, ಅದು ಒಂದು ಬೇಸಿಗೆಯನ್ನೂ ದಾಟಲಿಲ್ಲ. ಉಳಿದವೆಲ್ಲ ಗಾಜಿನ ಹಿಂದೆ, ಬೇರಿಲ್ಲದೆ ನೆರಳಿಲ್ಲದೆ ಬೆಳೆದು, ಕರೆಂಟು ಹೋದೊಡನೆ ಹೇಳದೆ ಕೇಳದೆ ಹೊರಟುಹೋದವು.

ಇನ್ನೊಂದು ಮಾತನ್ನೂ ಇಲ್ಲಿಯೇ ಹೇಳಿಬಿಟ್ಟರೆ ಮನಸ್ಸು ಹಗುರವಾದೀತು. ಕೈಯಲ್ಲಿ ಪೆನ್ಸಿಲ್ ಹಿಡಿದು ಒಂದು ಎಲೆ ಬರೆಯಲು ನನಗೆ ಬರುತ್ತಿರಲಿಲ್ಲ. ಕನ್ನಡ ಸಾಲಿಯಲ್ಲಿದ್ದಾಗ ಮಾವಿನ ಎಲೆ ಬರೆಯಿರಿ ಅಂದರು. ನಾನು ಬೆವರು ಸುರಿಸಿ ಬರೆದು ತೋರಿಸಿದೆ. ಮಾಸ್ತರರು ಪಾಟಿಯನ್ನು ತಿರುಗಿಸಿ ತಿರುಗಿಸಿ ನೋಡಿ, "ಮೀನ ಚಲೋ ಬಂದದ, ಕಣ್ಣು ಹಾಕೂದು ಮರ್ತೀಯಲ್ಲೋ" ಅಂದರು. ಇಡೀ ವರ್ಗ ನಕ್ಕಿತು. ಅಂದೇ ನಾನು ಗಣಿತದ ಕಡೆ ಮುಖ ತಿರುಗಿಸಿದೆನೆಂದು ಕಾಣುತ್ತದೆ. ಗಣಿತದಲ್ಲಿ ಎಲೆಗಳ ಕಾಟವಿಲ್ಲ, ಗೆರೆ ಎಳೆದರೆ ಗೆರೆ, ವೃತ್ತವೆಂದರೆ ವೃತ್ತ. ಕೈವಾರ ಸರಿಯಿದ್ದರೆ ಯಾರೂ ನಗುವುದಿಲ್ಲ.

ಹಾಗೆ ಗಣಿತದ ಮಾಸ್ತರನಾಗಿ ನಾನು ಸವಣೂರಿನ ಹೈಸ್ಕೂಲಿಗೆ ಬಂದು ಸೇರಿ ಎಷ್ಟೋ ವರ್ಷಗಳಾಗಿದ್ದವು. ಎಂಬತ್ತರ ದಶಕ ಅರ್ಧ ದಾಟಿತ್ತು. ಆಗ ಸರ್ಕಾರದ ಯಾವುದೋ ಯೋಜನೆಯಲ್ಲಿ ನಮ್ಮ ಸಾಲಿಗೆ ಎರಡು ಕಂಪ್ಯೂಟರು ಬಂದವು. ರೈಲಿನಲ್ಲಿ ಯಲವಿಗಿಗೆ ಬಂದಿಳಿದ ಪೆಟ್ಟಿಗೆಗಳನ್ನು ಹೆಡ್‌ಮಾಸ್ತರರು ತಾವೇ ಹೋಗಿ, ಟಾಂಗಾದಲ್ಲಿ ತೊಡೆಯ ಮೇಲಿಟ್ಟುಕೊಂಡು, ಕುದುರೆಗೆ ನಡೆ ನಡೆ ಎಂದು ಹೇಳುವ ಬದಲು ಸಾವಕಾಶ ಸಾವಕಾಶ ಎನ್ನುತ್ತ ತಂದರು. ಭೂಗೋಳದ ನಕಾಶೆಗಳಿದ್ದ ಕೋಣೆಯನ್ನು ಖಾಲಿ ಮಾಡಿಸಿದರು. ಧೂಳು ಬರಬಾರದೆಂದು ಕಿಟಕಿಗೆ ಕೌದಿ ಹೊಡೆಸಿದರು. ಯಾವುದೋ ಸಭೆಯಲ್ಲಿ ತಮಗೆ ಹೊದಿಸಿದ್ದ ಶಾಲನ್ನು ತಂದು ಯಂತ್ರಕ್ಕೆ ಹೊದಿಸಿದರು. ಚಪ್ಪಲಿ ಹೊರಗೆ ಬಿಟ್ಟೇ ಒಳಗೆ ಬರಬೇಕು. ಗಣಿತ ಕಲಿಸುತ್ತೇನೆಂಬ ಒಂದೇ ತಪ್ಪಿಗೆ ನನ್ನನ್ನು ಮೂರು ವಾರ ಧಾರವಾಡಕ್ಕೆ ತರಬೇತಿಗೆ ಕಳಿಸಿ, ಮರಳಿ ಬಂದಮೇಲೆ ಆ ಗರ್ಭಗುಡಿಗೆ ಅರ್ಚಕನನ್ನಾಗಿ ನೇಮಿಸಿದರು.

ತರಬೇತಿಯಲ್ಲಿ ಕೊಟ್ಟ ಟಿಪ್ಪಣಿಯ ಕೊನೆಯ ಹಾಳೆಯಲ್ಲಿ ಒಂದು ಮರವಿತ್ತು. ಚಿತ್ರವಲ್ಲ, ಮರ ಬರೆಯುವ ವಿಧಿ. ಅದು ಹೀಗಿತ್ತು: ಒಂದು ಗೆರೆ ಎಳೆ. ಅದರ ತುದಿಯಲ್ಲಿ ನಿಂತು ತುಸು ಎಡಕ್ಕೆ ತಿರುಗಿ ಒಂದು ಸಣ್ಣ ಮರ ಬರೆ. ತುಸು ಬಲಕ್ಕೆ ತಿರುಗಿ ಇನ್ನೊಂದು ಸಣ್ಣ ಮರ ಬರೆ. ಸಣ್ಣ ಮರ ಬರೆಯುವುದು ಹೇಗೆಂದರೆ, ಒಂದು ಗೆರೆ ಎಳೆ, ಅದರ ತುದಿಯಲ್ಲಿ ನಿಂತು ಎಡಕ್ಕೆ ಇನ್ನೂ ಸಣ್ಣ ಮರ, ಬಲಕ್ಕೆ ಇನ್ನೂ ಸಣ್ಣ ಮರ. ಅಷ್ಟೇ. ಇಡೀ ಮರಕ್ಕೆ ಎಂಟು ಹತ್ತು ಸಾಲು. ಓದಿದಾಗ ನನಗೆ ಇದೇನು ಮಕ್ಕಳಾಟ ಅನ್ನಿಸಿತು. ಅಡುಗೆ ಮಾಡುವುದು ಹೇಗೆ ಎಂದು ಕೇಳಿದವರಿಗೆ ಸ್ವಲ್ಪ ಅಡುಗೆ ಮಾಡು ಎಂದು ಹೇಳಿದ ಹಾಗಾಯಿತಲ್ಲ!

ಮೊದಲ ಸಲ ನಾನು ಎಲ್ಲೋ ಒಂದು ಅಧಿಕ ಚಿಹ್ನೆಯ ಜಾಗದಲ್ಲಿ ಋಣ ಚಿಹ್ನೆ ಹಾಕಿದ್ದೆ. ಮರ ಮೇಲಿನಿಂದ ಕೆಳಗೆ ಬೆಳೆಯಿತು. ಕಾಂಡ ಆಕಾಶದಲ್ಲಿ, ಕೊಂಬೆಗಳೆಲ್ಲ ನೆಲದ ಕಡೆ. ಸರಿಯಾಗಿ ಆ ಹೊತ್ತಿಗೆ ನಮ್ಮ ಅಪ್ಪ ಯಂತ್ರ ನೋಡಲು ಬಂದರು. ಅವರು ಮಠದಲ್ಲಿ ಪ್ರವಚನ ಹೇಳುವವರು. ಬೇರು ಮೇಲೆ, ಕೊಂಬೆ ಕೆಳಗೆ ಇರುವ ಗೀತೆಯ ಅರಳಿಮರದ ವಿಷಯವನ್ನು ಐವತ್ತು ವರ್ಷ ಜನರಿಗೆ ವಿವರಿಸಿ ಹೇಳಿದವರು, ಅದನ್ನು ಕಣ್ಣಾರೆ ಕಂಡದ್ದು ಅಂದೇ. ಉತ್ತರೀಯ ಸೊಂಟಕ್ಕೆ ಸುತ್ತಿಕೊಂಡು, ಗಾಜಿನ ಮುಂದೆ ಕೈ ಮುಗಿದು ನಿಂತುಬಿಟ್ಟರು. "ಮಷೀನು ಸುಳ್ಳು ಹೇಳೂದಿಲ್ಲ ನೋಡು" ಎಂದು ನನಗೇ ಹೇಳಿದರು. ಚಿಹ್ನೆ ತಪ್ಪಿದ್ದನ್ನು ಅವರಿಗೆ ಹೇಳಲು ನನಗೆ ಧೈರ್ಯ ಬರಲಿಲ್ಲ, ಇಂದಿಗೂ ಆ ಪಾಪ ನನ್ನ ತಲೆಯ ಮೇಲಿದೆ.

ಅವರು ಹೋದಮೇಲೆ ಚಿಹ್ನೆ ತಿದ್ದಿದೆ. ಗುಂಡಿ ಒತ್ತಿದೆ. ಆ ಪರದೆಗೆ ಗೊತ್ತಿದ್ದುದು ಒಂದೇ ಬಣ್ಣ, ಹಸಿರು. ಕಪ್ಪಿನ ನಡುವೆ ಒಂದು ಹಸಿರು ಗೆರೆ ಎದ್ದು ನಿಂತಿತು. ತುದಿಯಲ್ಲಿ ಕವಲೊಡೆಯಿತು. ಕವಲಿಗೆ ಕವಲು, ಅದಕ್ಕೆ ಮರಿಕವಲು, ಕೊನೆಯ ಪುಟ್ಟ ಗೆರೆಗಳೇ ಎಲೆ. ಯಂತ್ರ ನಿಧಾನದ್ದು, ಒಂದೊಂದೇ ರೆಂಬೆಯ ತುದಿಯವರೆಗೆ ಹೋಗಿ, ಅಲ್ಲಿ ಕೆಲಸ ಮುಗಿಸಿ, ಹಿಂದಕ್ಕೆ ಬಂದು, ಬಿಟ್ಟುಹೋದ ಕವಲನ್ನು ನೆನಪಿಟ್ಟುಕೊಂಡು ಮತ್ತೆ ಹೊರಡುತ್ತಿತ್ತು. ಎಲ್ಲೂ ಮರೆಯಲಿಲ್ಲ, ಒಂದು ಕೊಂಬೆಯನ್ನೂ ಬಿಡಲಿಲ್ಲ. ನಾನು ಬರೆದದ್ದು ಎಂಟು ಸಾಲು. ಅದರಲ್ಲಿ ಈ ರೆಂಬೆಗಳೆಲ್ಲ ಎಲ್ಲಿದ್ದವು? ಹುಣಸೆಬೀಜ ಕೈಯಲ್ಲಿ ಹಿಡಿದು ಎಷ್ಟೋ ಸಲ ಚೌಕಾಬಾರಾ ಆಡಿದ್ದೆ, ಅದರೊಳಗೊಂದು ಮರ ಕುಳಿತಿರುತ್ತದೆ ಎಂದು ಒಮ್ಮೆಯೂ ಬೆರಗಾಗಿರಲಿಲ್ಲ. ಗಾಜಿನೊಳಗಿನ ಸುಳ್ಳು ಮರವನ್ನು ನೋಡಿದಮೇಲೆ ನಿಜವಾದ ಬೀಜದ ಬಗ್ಗೆ ಗೌರವ ಹುಟ್ಟಿತು.

ಅಲ್ಲಿಂದ ಮುಂದೆ ನನ್ನ ಕಣ್ಣು ಕೆಟ್ಟಿತು. ಎಲ್ಲಿ ನೋಡಿದರೂ ದೊಡ್ಡದರೊಳಗೆ ಅದೇ ಸಣ್ಣದು. ಬೇವಿನ ಟೊಂಗೆಯಲ್ಲಿ ಕಡ್ಡಿ, ಕಡ್ಡಿಯಲ್ಲಿ ಎಲೆ, ಎಲೆಯಲ್ಲಿ ನರ, ನರಕ್ಕೆ ಮರಿನರ. ಊಟವಾದಮೇಲೆ ಸವಣೂರಿನ ವೀಳ್ಯದ ಎಲೆಯನ್ನು ಬಾಯಿಗಿಡುವ ಮೊದಲು ಬೆಳಕಿಗೆ ಹಿಡಿದು ನೋಡುತ್ತ ಕೂತರೆ ಮನೆಯಾಕೆ, "ಎಲಿ ತಿನ್ನವರೋ, ಓದವರೋ?" ಎಂದು ಕೇಳುತ್ತಿದ್ದಳು. ಒಂದು ಭಾನುವಾರ ಹಾನಗಲ್ಲಿಗೆ ಹೋದವನು ತಾರಕೇಶ್ವರನ ಗುಡಿಯಲ್ಲಿ ದೇವರನ್ನು ಬಿಟ್ಟು ಗೋಡೆ ನೋಡುತ್ತ ನಿಂತೆ. ಗುಡಿಯ ಗೋಡೆಯ ಮೇಲೆ ಸಣ್ಣ ಸಣ್ಣ ಗುಡಿಗಳು. ಶಿಖರಕ್ಕೆ ಶಿಖರಗಳೇ ಅಲಂಕಾರ. ಬಾಗಿಲ ಪಟ್ಟಿಯಲ್ಲಿ ಒಂದು ಬಳ್ಳಿ ಹೊರಟು, ಸುರುಳಿ ಸುತ್ತಿ, ಆ ಸುರುಳಿಯೊಳಗಿಂದ ಇನ್ನೊಂದು ಬಳ್ಳಿ ಹೊರಟು, ಭೂಮಿಯ ಮೇಲೆ ಎಲ್ಲಿಯೂ ಬೆಳೆಯದ ಎಲೆಗಳನ್ನು ಬಿಟ್ಟಿದೆ. ಒಳಗೆ ಛತ್ತಿನಲ್ಲಿ ಕಲ್ಲಿನ ಕಮಲ ತಲೆಕೆಳಗಾಗಿ ಅರಳಿದೆ. ಧಾರವಾಡದ ತರಬೇತಿಗೆ ಹೋಗದೆಯೇ ಆ ಶಿಲ್ಪಿಗಳು ನನ್ನ ಎಂಟು ಸಾಲನ್ನು ಕಲ್ಲಿನಲ್ಲಿ ಬರೆದಿಟ್ಟು ಹೋಗಿದ್ದರು. ಅವರ ಅಡವಿ ಕರೆಂಟಿಗೆ ಕಾಯುವುದಿಲ್ಲ ಎಂಬುದೊಂದೇ ವ್ಯತ್ಯಾಸ.

ಕರೆಂಟಿನ ಮಾತು ಬಂತಲ್ಲ. ಅದು ಹೋದಾಗಲೆಲ್ಲ ಬರೆದ ಸಾಲುಗಳೂ ಹೋಗುತ್ತಿದ್ದವು. ಅದಕ್ಕೆ ಅವನ್ನು ಕ್ಯಾಸೆಟ್ಟಿನಲ್ಲಿ ತುಂಬಿಡಬೇಕಿತ್ತು, ಹಾಡು ಕೇಳುತ್ತೇವಲ್ಲ ಅದೇ ಕ್ಯಾಸೆಟ್ಟು. ಒಂದು ದಿನ ಕುತೂಹಲ ತಡೆಯದೆ ಅದನ್ನು ಮನೆಯ ಟೇಪ್‌ರೆಕಾರ್ಡರಿಗೆ ಹಾಕಿ ಕೇಳಿದೆ. ಕೀಈಈ ಎಂದು ಜೀರುಂಡೆಗಳ ಸಂತೆ. ಮರವೊಂದು ಕೂಗಿದರೆ ಹೀಗಿರುತ್ತದೆ ಎಂದುಕೊಂಡು ಕಣ್ಣು ಮುಚ್ಚಿ ಪೂರಾ ಕೇಳಿದೆ. ಮನೆಯಾಕೆಗೆ ಆ ದಿನವೇ ನನ್ನ ಬಗ್ಗೆ ಚಿಂತೆ ಶುರುವಾದದ್ದು.

ಇನ್ನು ಫಕ್ಕೀರಪ್ಪ ಮಾಸ್ತರರ ಕಥೆಗೆ ಬರುತ್ತೇನೆ. ನಾನು ಇಷ್ಟು ಹೊತ್ತು ಸುತ್ತಾಡಿದ್ದು ಅವರ ಬಳಿ ಬರಲಿಕ್ಕೇ.

ಫಕ್ಕೀರಪ್ಪನವರು ನಮ್ಮ ಸಾಲಿಯ ಡ್ರಾಯಿಂಗ್ ಮಾಸ್ತರರು. ಮಾಸೂರಿನವರು, ಮದಗದ ಕೆರೆಯ ನೀರು ಕುಡಿದು ಬೆಳೆದವರು. ಅಪ್ಪ ಅವ್ವ ಕಂಡವರ ಗದ್ದೆಯಲ್ಲಿ ದುಡಿದು ಇವರನ್ನು ಓದಿಸಿದ್ದರು. ಹರೆಯದಲ್ಲಿ ನಾಟಕ ಕಂಪನಿಯೊಂದರ ಹಿಂದೆ ಹೋಗಿ ಪರದೆ ಬರೆಯುವುದನ್ನು ಕಲಿತು ಬಂದಿದ್ದರು. ಎಪ್ಪತ್ತರ ದಶಕದಲ್ಲಿ ಹಿರೇಕೆರೂರಿನಿಂದ ಶಿಗ್ಗಾವಿಯವರೆಗೆ ಯಾವ ಊರಿನ ಹುಡುಗರು ನಾಟಕ ಆಡಿದರೂ ಹಿಂದೆ ತೂಗುತ್ತಿದ್ದುದು ಇವರ ಪರದೆಯೇ. ಅರಮನೆ, ಬೀದಿ, ಜೈಲು, ಅಡವಿ. ಮೊದಲ ಮೂರನ್ನು ಯಾರಾದರೂ ಬರೆದಾರು, ಅಡವಿ ಮಾತ್ರ ಫಕ್ಕೀರಪ್ಪನವರದೇ ಆಗಬೇಕು ಎಂದು ಜನ ಹೇಳುತ್ತಿದ್ದರು. ಗಂಧರ್ವರು ಓಡಾಡುವ ಅಡವಿ ಅದು. ನೀಲಿ ಎಲೆಗಳೂ ಇದ್ದವು, ಬಂಗಾರದ ಬಳ್ಳಿಗಳೂ ಇದ್ದವು; ಆದರೂ ನೋಡಿದವರಿಗೆ ತಮ್ಮ ಹೊಲದ ಬದುವಿನಲ್ಲಿ ಇಂಥದೊಂದು ಗಿಡ ಇದೆ ಅನ್ನಿಸುತ್ತಿತ್ತು. ತಿಳವಳ್ಳಿಯಲ್ಲಿ ಒಣಗಲು ಹಾಕಿದ್ದ ಪರದೆಯ ಒಂದು ಮೂಲೆಯನ್ನು ಆಡು ತಿಂದುಬಿಟ್ಟಿತಂತೆ. ಎಲೆ ನಿಜವೆಂದು ತಿಳಿದು ತಿಂದಿತು ಎಂಬುದು ಮಾಸ್ತರರ ವಾದ. ಬಟ್ಟೆಗೆ ಹಚ್ಚಿದ್ದ ಗಂಜಿಯ ವಾಸನೆಗೆ ತಿಂದಿತು ಎಂಬುದು ಉಳಿದವರ ವಾದ. ಆಡನ್ನು ಯಾರೂ ಕೇಳಲಿಲ್ಲ.

ನಾನು ಹೇಳುತ್ತಿರುವ ಕಾಲಕ್ಕೆ ಎರಡು ವರ್ಷದಿಂದ ಅವರ ಬಲಗೈ ನಡುಗುತ್ತಿತ್ತು. ಚಹಾದ ಬಸಿಯನ್ನು ಎರಡೂ ಕೈಯಲ್ಲಿ ಹಿಡಿಯುತ್ತಿದ್ದರು. ಹಲಗೆಯ ಮೇಲೆ ತಾವು ಬರೆಯುವುದನ್ನು ಬಿಟ್ಟು, ಹೀಂಗ ಬರೀರಿ ಹಾಂಗ ಬರೀರಿ ಎಂದು ಬಾಯಲ್ಲಿ ಹೇಳಿ ಕಲಿಸುತ್ತಿದ್ದರು. ಕೈಯನ್ನು ಯಾವಾಗಲೂ ಕೋಟಿನ ಕಿಸೆಯಲ್ಲಿ ಇಟ್ಟುಕೊಂಡಿರುತ್ತಿದ್ದರು. ಮಾರ್ಚಿಗೆ ಅವರ ನಿವೃತ್ತಿ.

ಆ ಮಳೆಗಾಲದಲ್ಲಿ ಸಾಲಿಯ ಹಿಂದಿನ ಕೋಣೆ ಸೋರಿ, ಅಲ್ಲಿ ಸುತ್ತಿಟ್ಟಿದ್ದ ಅಡವಿಯ ಪರದೆ ಕೊಳೆತುಹೋಯಿತು. ಊರೂರಿಗೆ ಬರೆದುಕೊಟ್ಟವು ಆಗಲೇ ಹರಿದು ಚಿಂದಿಯಾಗಿದ್ದವು, ಕೊನೆಗೆ ಉಳಿದಿದ್ದು ಇದೊಂದೇ. ಜನವರಿಯ ಗ್ಯಾದರಿಂಗಿಗೆ, ಅಂದರೆ ಸಾಲಿಯ ವಾರ್ಷಿಕೋತ್ಸವಕ್ಕೆ, ಮಕ್ಕಳ ನಾಟಕ. ಅದರಲ್ಲಿ ಗಂಧರ್ವರ ಅಡವಿ ಇಲ್ಲದಿದ್ದರೆ ನಡೆಯುವುದೇ ಇಲ್ಲ. ಹೆಡ್‌ಮಾಸ್ತರರು ಹುಬ್ಬಳ್ಳಿಯಿಂದ ಛಾಪಾ ಹೊಡೆದ ಪರದೆ ತರಿಸೋಣ ಅಂದರು. ಸಭೆಯಲ್ಲಿ ಫಕ್ಕೀರಪ್ಪನವರು ಎದ್ದು ನಿಂತರು. ಕೈ ಕಿಸೆಯಲ್ಲೇ ಇತ್ತು.

"ನಾ ಬರೀತೇನ್ರಿ. ಹೋಗೂ ಮುಂದ ಸಾಲಿಗೆ ಒಂದು ಅಡವಿ ಬಿಟ್ಟು ಹೋಗಬೇಕಂತ ಆಸೆ ಐತಿ."

ಎಲ್ಲರೂ ಆ ಕಿಸೆಯನ್ನೇ ನೋಡುತ್ತಿದ್ದೆವು. ಹೆಡ್‌ಮಾಸ್ತರರು ಒಳ್ಳೆಯವರು, ಆದರೆ ಅವಸರದವರು. "ಹಂಗಾರ ಹಿಂಗ ಮಾಡ್ರಿ" ಎಂದು ನನ್ನ ಕಡೆ ತಿರುಗಿದರು. "ಆಚಾರ್ರ, ನಿಮ್ಮ ಮಷೀನು ಗಿಡಾ ಬರೀತೈತಂತಲ್ಲ. ಅದರ ಕಡಿಂದ ನಕಾಶಿ ತಗಸಿ ಮಾಸ್ತರರಿಗೆ ಕೊಡ್ರಿ. ಅವರು ಬಣ್ಣ ತುಂಬಲಿ."

ಆಗ ನನಗೆ ಹೆಮ್ಮೆಯೇ ಆಯಿತು, ಸುಳ್ಳು ಯಾಕೆ ಹೇಳಲಿ. ಬಾಲ್ಯದಲ್ಲಿ ಎಲೆಯ ಬದಲು ಮೀನು ಬರೆದವನು ಈಗ ಆ ಪ್ರಾಂತದ ಅಡವಿಯ ದೊರೆಗೆ ಮರ ಬರೆದುಕೊಡುವವನಾಗಿದ್ದೆ! ಫಕ್ಕೀರಪ್ಪನವರ ಮುಖ ನೋಡಬೇಕೆಂದು ನನಗೆ ಹೊಳೆಯಲೇ ಇಲ್ಲ.

ಮಾರನೆಯ ದಿನ ಮಧ್ಯಾಹ್ನ ಅವರು ಬಂದರು. ಚಪ್ಪಲಿ ಬಿಟ್ಟು, ಟೋಪಿ ಸರಿಮಾಡಿಕೊಂಡು ಕುರ್ಚಿಯ ತುದಿಯಲ್ಲಿ ಕುಳಿತರು. ನಾನು ಗುಂಡಿ ಒತ್ತಿದೆ. ಮರ ಬೆಳೆಯಿತು. "ಅಬಬಬಾ" ಅಂದರು. "ಬೀಜಾ ಇಲ್ದ, ಕುಂಚಾ ಇಲ್ದ!" ಇನ್ನೊಮ್ಮೆ ತೋರಿಸಿರಿ ಅಂದರು. ಮತ್ತೊಮ್ಮೆ. ಮೂರನೆಯ ಸಲ ತಲೆ ಒಂದು ಕಡೆ ವಾಲಿಸಿ ನೋಡಿದರು.

"ಇದು ಯಾವ ಗಿಡರೀ?"

"ಗಿಡಾ ಅಂದ್ರ ಗಿಡಾನ್ರಿ. ಇಂಥಾದ್ದು ಅಂತೇನಿಲ್ಲ."

"ಭಾಳ ಚಂದ ಐತ್ರಿ ಆಚಾರ್ರ. ಆದ್ರ ಇದರ ಹತ್ರ ಯಾರೂ ಬಂದೇ ಇಲ್ಲ."

ನನಗೆ ತಿಳಿಯಲಿಲ್ಲ. ಅವರು ಕಿಸೆಯಲ್ಲಿಲ್ಲದ ಎಡಗೈಯಿಂದ ಗಾಜನ್ನು ತೋರಿಸಿದರು. "ಗಾಳಿ ಬಂದಿಲ್ಲ. ಕೊಡ್ಲಿ ಬಂದಿಲ್ಲ. ಆಡು ಬಂದಿಲ್ಲ. ನಮ್ಮ ಕಡೆ ಆಡು ಮುಟ್ಟದ ಗಿಡಾ ಎಲ್ಲೈತ್ರಿ? ಗಂಧರ್ವರದ್ದ ಇರಲಿ, ಯಾರದ್ದ ಇರಲಿ, ಕೆಳಗಿನ ಎಲಿ ಆಡಿನ ಪಾಲು."

ಅಷ್ಟು ವರ್ಷ ಆ ಊರುಗಳಲ್ಲಿ ಓಡಾಡಿದ ನಾನು ಅದನ್ನು ಗಮನಿಸಿಯೇ ಇರಲಿಲ್ಲ. ಸಂಜೆ ಬಂಕಾಪುರದ ರಸ್ತೆಯಲ್ಲಿ ನಡೆದು ಹೋಗಿ ನೋಡಿದೆ. ನಿಜ! ಜಾಲಿ, ಬನ್ನಿ, ಬೇವು, ಯಾವುದೇ ಇರಲಿ, ಎಲ್ಲ ಮರಗಳ ಎಲೆಗಳೂ ನೆಲದಿಂದ ಒಂದೇ ಎತ್ತರದಲ್ಲಿ, ಕತ್ತರಿ ಹಿಡಿದು ಸಮ ಮಾಡಿದಂತೆ ನಿಂತುಬಿಟ್ಟಿದ್ದವು. ಅದರ ಕೆಳಗೆ ಬರಿ ಕಡ್ಡಿ. ಇಡೀ ತಾಲೂಕಿನ ಮೇಲೆ ಯಾರೋ ದಾರ ಹಿಡಿದು ಗೆರೆ ಹೊಡೆದಂತಿತ್ತು. ಗಣಿತದವನ ಕಣ್ಣಿಗೆ ಬೀಳಬೇಕಾದ ಅಂಥ ಗೆರೆ ಬಿದ್ದದ್ದು ಡ್ರಾಯಿಂಗ್ ಮಾಸ್ತರರ ಕಣ್ಣಿಗೆ. ರಸ್ತೆಯ ನಡುವೆ ನಿಂತು ಬಾಯಿ ತೆರೆದು ನೋಡುತ್ತಿದ್ದೆ. ಹಿಂದಿನಿಂದ ಚಕ್ಕಡಿಯವನು ಕೂಗಿದ ಮೇಲೆಯೇ ಬದಿಗೆ ಸರಿದೆ.

ಯಂತ್ರಕ್ಕೆ ಒಂದು ಆಡು ಕಟ್ಟಲು ತೀರ್ಮಾನಿಸಿದೆ. ಆಡಿನ ಬಾಯಿ ಎಷ್ಟು ಎತ್ತರ ಮುಟ್ಟುತ್ತದೆ ಎಂದು ಕೇಳಿದಾಗ ಫಕ್ಕೀರಪ್ಪನವರು ಎದ್ದು ನಿಂತು, "ಹಿಂದಿನ ಎರಡು ಕಾಲಮ್ಯಾಲ ನಿಂತರ ಈ ಟೋಪಿ ಮಟಾ" ಅಂದರು. ಫೂಟುಪಟ್ಟಿ ತಂದು ಟೋಪಿಯ ಎತ್ತರ ಅಳೆದೆ. ಲೆಕ್ಕ ಹಾಕಿ ಗಾಜಿನ ಅಳತೆಗೆ ಇಳಿಸಿದೆ. ಆ ಎತ್ತರಕ್ಕಿಂತ ಕೆಳಗೆ ಎಲೆ ಬಂದರೆ ಅಳಿಸಿಹಾಕು ಎಂದು ನಾಲ್ಕು ಸಾಲು ಬರೆದು ಅದಕ್ಕೆ ಆಡು ಎಂದೇ ಹೆಸರಿಟ್ಟೆ. ಮರ ಬೆಳೆಯಿತು, ಆಮೇಲೆ ಆಡು ಬಂತು. ಗಾಜಿನ ಕೆಳಭಾಗದ ಎಲೆಗಳು ಒಂದೊಂದಾಗಿ ಮಾಯವಾದವು. ಇಬ್ಬರೂ ಚಿಕ್ಕ ಹುಡುಗರ ಹಾಗೆ ಕೈ ತಟ್ಟಿ ನಕ್ಕೆವು. ಹೆಡ್‌ಮಾಸ್ತರರು ಬಂದು ಇಣುಕಿ, ಕೋಣೆಯಲ್ಲಿ ಗದ್ದಲ ಮಾಡಬಾರದು ಎಂದು ಹೇಳಿ ಹೋದರು.

ಆದರೂ ಮರದಲ್ಲಿ ಏನೋ ಕೊರತೆ. ಎಡಗೊಂಬೆ ಹೇಗೋ ಬಲಗೊಂಬೆ ಹಾಗೇ. ಪರೇಡಿಗೆ ನಿಂತ ಮರ. ಫಕ್ಕೀರಪ್ಪನವರು, "ಜೀವಾ ಬರವಲ್ದು" ಎಂದು ತಲೆಯಾಡಿಸಿದರು. ಟಿಪ್ಪಣಿಯನ್ನು ತಿರುವಿ ಹಾಕುತ್ತಿದ್ದಾಗ ಯಂತ್ರಕ್ಕೆ ತನ್ನ ಮನಸ್ಸಿಗೆ ಬಂದ ಅಂಕಿಯನ್ನು ತಾನೇ ಆರಿಸಿಕೊಳ್ಳುವ ಒಂದು ಅಪ್ಪಣೆ ಇದೆ ಎಂಬುದು ನನಗೆ ನೆನಪಾಯಿತು. ಪ್ರತಿ ಕೊಂಬೆಯೂ ಹೊರಡುವಾಗ ಹೇಳಿದ ಕೋನದಲ್ಲಿ ಹೋಗದೆ, ತುಸು ಆಚೆ ಈಚೆ ತಪ್ಪಲಿ ಎಂದು ಬರೆದೆ. ಗುಂಡಿ ಒತ್ತಿದೆ.

ಆ ದಿನ ಕಂಡದ್ದನ್ನು ಹೇಳಲು ನನಗೆ ಇವತ್ತಿಗೂ ಮಾತು ಸಾಲದು. ಕಾಂಡ ಸ್ವಲ್ಪ ವಾಲಿ ಎದ್ದಿತು. ಒಂದು ಕೊಂಬೆ ಎತ್ತರಕ್ಕೆ ಹೋಯಿತು, ಇನ್ನೊಂದು ಬಾಗಿತು. ಒಂದೆಡೆ ದಟ್ಟ, ಒಂದೆಡೆ ತೆರಪು, ಆ ತೆರಪಿನಲ್ಲಿ ಕತ್ತಲೆ ಕಂಡಿತು. ಅದು ಯಾವುದೋ ಹೊಲದ ಬದುವಿನಲ್ಲಿ ಎಷ್ಟೋ ಗಾಳಿ ಮಳೆ ಕಂಡ ಮರ. ಮತ್ತೊಮ್ಮೆ ಒತ್ತಿದರೆ ಬೇರೆಯೇ ಮರ. ಇನ್ನೊಮ್ಮೆ ಒತ್ತಿದರೆ ಇನ್ನೊಂದು. ಒಂದರ ಹಾಗೆ ಒಂದಿಲ್ಲ, ಆದರೂ ಎಲ್ಲವೂ ಒಂದೇ ಮನೆತನದವು. ನನ್ನ ಕಣ್ಣು ಯಾಕೋ ಒದ್ದೆಯಾಗಿತ್ತು.

"ಏನ ಮಾಡಿದ್ರಿ?" ಎಂದು ಮಾಸ್ತರರು ಪಿಸುಗುಟ್ಟಿದರು.

ಹಿಗ್ಗಿನಲ್ಲಿ ನಾಲಿಗೆ ಜಾರಿತು. "ಏನಿಲ್ರಿ. ಇಷ್ಟು ದಿನ ಅದರ ಕೈ ನೆಟ್ಟಗಿತ್ತು. ಈಗ ಒಂಚೂರು ನಡುಗಸೇನಿ."

ಹೇಳಿದೊಡನೆ ನಾಲಿಗೆ ಕಚ್ಚಿಕೊಂಡೆ. ಫಕ್ಕೀರಪ್ಪನವರು ಕಿಸೆಯಿಂದ ಬಲಗೈ ಹೊರಗೆ ತೆಗೆದು ತೊಡೆಯ ಮೇಲಿಟ್ಟುಕೊಂಡು ನೋಡಿದರು. ಅದು ತನ್ನ ಪಾಡಿಗೆ ನಡುಗುತ್ತಿತ್ತು. ಆಮೇಲೆ ಗಾಜಿನ ಮರ ನೋಡಿದರು. ಚಹಾ ಬಂದಿತ್ತು, ಮುಟ್ಟಲಿಲ್ಲ. "ಬರ್ತೇನ್ರಿ" ಎಂದು ಎದ್ದು ಹೋದರು. ಅವರು ಹೋದಮೇಲೆ ಆ ಮರವನ್ನು ನೋಡಲು ನನಗೆ ಮನಸ್ಸಾಗಲಿಲ್ಲ. ಯಂತ್ರವನ್ನು ಆರಿಸಿ, ಶಾಲು ಹೊದಿಸಿ ಮನೆಗೆ ಬಂದೆ.

ಮೂರು ದಿನ ಅವರು ನನ್ನ ಕೋಣೆಗೆ ಬರಲಿಲ್ಲ. ಸ್ಟಾಫ್ ರೂಮಿನಲ್ಲಿ ಕಂಡರೂ ನಾನೇ ಮುಖ ತಪ್ಪಿಸಿದೆ. ಒಬ್ಬ ಮನುಷ್ಯ ಎರಡು ವರ್ಷದಿಂದ ಕಿಸೆಯಲ್ಲಿ ಬಚ್ಚಿಟ್ಟದ್ದನ್ನು ನಾನು ಚೇಷ್ಟೆಯ ಮಾತಿನಲ್ಲಿ ಎಳೆದು ಹಾಕಿದ್ದೆ. ಪ್ರಾಯಶ್ಚಿತ್ತವೆಂದು ಒಂದು ಕೆಲಸ ಮಾಡಿದೆ. ಬಟರ್ ಪೇಪರನ್ನು ಗಾಜಿನ ಮೇಲೆ ಹಿಡಿದು ಏಳು ಮರಗಳ ಕಾಂಡ ಕೊಂಬೆಗಳನ್ನು ತಿದ್ದಿ ತೆಗೆದೆ. ಗಾಜು ಕಾಗದವನ್ನು ತಾನಾಗಿಯೇ ಅಂಟಿಸಿಕೊಳ್ಳುತ್ತಿತ್ತು, ಮುಂಗೈಯ ಕೂದಲು ನೆಟ್ಟಗೆ ನಿಲ್ಲುತ್ತಿದ್ದವು. ಶನಿವಾರ ಮುಂಜಾನೆಯ ಸಾಲಿ ಬಿಟ್ಟಮೇಲೆ ಆ ಹಾಳೆಗಳನ್ನು ಹಿಡಿದುಕೊಂಡು ಅವರನ್ನು ಹುಡುಕುತ್ತ ಹೊರಟೆ. ಕ್ಷಮಿಸಿರಿ ಎಂಬ ಮಾತನ್ನು ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡೆ.

ಅವರು ಪ್ರಾರ್ಥನೆಯ ದೊಡ್ಡ ಕೋಣೆಯಲ್ಲಿದ್ದರು. ನೆಲದ ತುಂಬ ಮಂಜರಪಾಟದ ಬಟ್ಟೆ ಹಾಸಿ, ಗಂಜಿ ಹಚ್ಚಿ ಒಣಗಿಸಿದ್ದರು. ಮೂಲೆಯಲ್ಲಿ ಡಬ್ಬಿಗಳಲ್ಲಿ ಬಣ್ಣ ಕಲಸಿಟ್ಟಿದ್ದರು. ಬಟ್ಟೆಯ ಒಂದು ಬದಿಯಲ್ಲಿ ಮೊಣಕಾಲೂರಿ, ಬಲಗೈಯಲ್ಲಿ ಕುಂಚ ಹಿಡಿದು ಎಲೆ ಹಾಕುತ್ತಿದ್ದರು. ಕೈ ನಡುಗುತ್ತಲೇ ಇತ್ತು. ಅವರು ಅದನ್ನು ಹಿಡಿಯಲಿಲ್ಲ. ಕುಂಚದ ತುದಿ ಬಟ್ಟೆಗೆ ತಾಗಿ, ನಡುಗಿ, ಎದ್ದು, ಪಕ್ಕದಲ್ಲಿ ತಾಗಿ, ಮತ್ತೆ ನಡುಗುತ್ತಿತ್ತು. ತಾಗಿದಲ್ಲೆಲ್ಲ ಒಂದು ಎಲೆ. ಒಂದು ಬಾಗಿದ್ದು, ಒಂದು ಮಡಚಿದ್ದು, ಒಂದು ಗಾಳಿಗೆ ಬೆನ್ನು ತಿರುಗಿಸಿದ್ದು. ನಾನು ಬಾಗಿಲಲ್ಲೇ ನಿಂತುಬಿಟ್ಟೆ, ಬಾಯಿಪಾಠ ಮಾಡಿದ್ದೆಲ್ಲ ಮರೆತುಹೋಯಿತು.

"ಬರ್ರಿ ಆಚಾರ್ರ" ಅಂದರು ತಲೆಯೆತ್ತದೆ. "ಎರಡು ವರ್ಷ ಈ ಕೈಯನ್ನ ಹಿಡದು ಹಿಡದು ಬರಿಯಾಕ ನೋಡಿದ್ನಿ. ಗಟ್ಟಿ ಹಿಡದಷ್ಟೂ ಕೆಡತಿತ್ತು. ಮಷೀನಿಗೆ ನಡುಗಾಕ ಕಲಿಸಬೇಕಾತು ಅಂದ್ರ, ನನಗ ಪುಕ್ಕಟ ಬಂದೈತಲ್ಲ ಅಂತ ಮೊನ್ನೆ ಮನಿಗೆ ಹೋಗಿ ಯೋಚನಿ ಮಾಡಿದ್ನಿ. ಈಗ ಬಿಟ್ಟುಬಿಟ್ಟೇನ್ರಿ. ಅದರ ಪಾಡಿಗೆ ಅದು ಬರೀತೈತಿ."

ಕ್ಷಮೆ ಕೇಳುವ ಬದಲು ನಾನು ಹಾಳೆಗಳನ್ನು ಚಾಚಿದೆ. ಅವರು ನೋಡಿ, "ಕಾಂಡ ನೆಟ್ಟಗೆ ಎಳಿಯೂದು ನನಗಿನ್ನ ಆಗೂದಿಲ್ರಿ, ಅದನ್ನ ನೀವ ಹಾಕ್ರಿ" ಅಂದರು. ಹಾಳೆಯ ಮೇಲೆ ಚೌಕ ಹಾಕಿ, ಬಟ್ಟೆಯ ಮೇಲೆ ಅಷ್ಟೇ ಸಂಖ್ಯೆಯ ದೊಡ್ಡ ಚೌಕ ಹಾಕುವುದನ್ನು ತೋರಿಸಿಕೊಟ್ಟರು. ನೀಲಿ ಹಚ್ಚಿದ ದಾರವನ್ನು ಎರಡೂ ತುದಿಯಲ್ಲಿ ಬಿಗಿದು, ನಡುವೆ ಎತ್ತಿ ಚಟ್ಟನೆ ಬಿಟ್ಟರೆ ಹದಿನೆಂಟು ಫೂಟಿನ ಗೆರೆ ಒಂದೇ ಹೊಡೆತಕ್ಕೆ ಬೀಳುತ್ತಿತ್ತು. ಒಂದೊಂದು ಚೌಕದ ಗೆರೆಯನ್ನು ಆಯಾ ಚೌಕಕ್ಕೆ ಸಾಗಿಸುತ್ತ ಹೋದೆ. ಹಾಗೆ ಒಂದು ತಿಂಗಳು ಸಾಲಿ ಬಿಟ್ಟಮೇಲೆ ದಿನವೂ ನಾನು ಕೊಂಬೆ, ಅವರು ಎಲೆ. ನನ್ನ ಧೋತರದ ಅಂಚು ಹಸಿರಾಯಿತು; ಮನೆಯಾಕೆ, ಗಾಜಿನ ಗಿಡದ ಬಣ್ಣ ಹೊರಗ ಬರ್ಲಿಕ್ಕತ್ತದ ಎಂದಳು.

ಗ್ಯಾದರಿಂಗಿನ ದಿನ ಇಳಿಹೊತ್ತಿನಲ್ಲಿ ಅದೇ ಪ್ರಾರ್ಥನೆಯ ಕೋಣೆಯಲ್ಲಿ ನಾಟಕ ಶುರುವಾಯಿತು. ಅರಮನೆಯ ಪರದೆ ಮೇಲೆ ಹೋಯಿತು, ಅದರ ಹಿಂದೆ ಅಡವಿ. ಪಡುವಣ ಬಾಗಿಲಿನಿಂದ ಬಂದ ಬಿಸಿಲು ನೇರವಾಗಿ ಬಟ್ಟೆಯ ಮೇಲೆ ಬಿದ್ದಿತ್ತು. ನೀಲಿ, ಹಸಿರು, ಬಂಗಾರ. ಹಿಂದಿನ ಕಿಟಕಿಯ ಗಾಳಿಗೆ ಬಟ್ಟೆ ತುಸು ಅಲುಗಿತು, ಅಷ್ಟೂ ಎಲೆಗಳು ಒಟ್ಟಿಗೆ ಉಸಿರಾಡಿದವು. ಕೋಣೆಯಲ್ಲಿದ್ದ ಅಷ್ಟೂ ಜನ ಹಾ ಎಂದು ಒಂದೇ ಉಸಿರೆಳೆದರು. ಮಾತು ಹೇಳಬೇಕಿದ್ದ ಗಂಧರ್ವ ಕೂಡ ಪ್ರೇಕ್ಷಕರಿಗೆ ಬೆನ್ನು ತಿರುಗಿಸಿ ಪರದೆಯನ್ನೇ ನೋಡುತ್ತ ನಿಂತುಬಿಟ್ಟ. ನನ್ನ ಪಕ್ಕದಲ್ಲಿ ಯಲವಿಗಿಯಿಂದ ಮೊಮ್ಮಗಳ ನಾಟಕ ನೋಡಲು ಬಂದ ಮುದುಕಿಯೊಬ್ಬಳು ಕುಳಿತಿದ್ದಳು. ಅವಳು ಸೆರಗು ಬಾಯಿಗೆ ಹಿಡಿದು, "ನೋಡವ್ವಾ, ಈ ಅಡವ್ಯಾಗ ಆಡು ಮೇದು ಹೋಗ್ಯಾವು" ಅಂದಳು. ಅದನ್ನು ಕೇಳಿ ಇನ್ನೊಂದು ಪಕ್ಕದಲ್ಲಿದ್ದ ಫಕ್ಕೀರಪ್ಪನವರು ನನ್ನ ಕಡೆ ತಿರುಗಿದರು. ಜನ ಚಪ್ಪಾಳೆ ತಟ್ಟುತ್ತಿದ್ದರು. ಅವರೂ ಕಿಸೆಯ ಕೈ ಹೊರಗೆ ತೆಗೆದು ತಟ್ಟಿದರು, ಬಲಗೈ ಎಲ್ಲರಿಗೂ ಕಾಣುವಂತೆ ನಡುಗುತ್ತಿತ್ತು. ಆಮೇಲೆ ಅದು ಕಿಸೆಗೆ ಹೋದದ್ದನ್ನು ನಾನು ಕಾಣಲಿಲ್ಲ.

ಮಾರ್ಚಿನಲ್ಲಿ ಅವರು ಮಾಸೂರಿಗೆ ಹೊರಟುಹೋದರು. ಒಮ್ಮೆ ನೋಡಲು ಹೋದಾಗ ಬಾಗಿಲಲ್ಲಿ ಎರಡು ಆಡು ಕಟ್ಟಿದ್ದರು. "ಮಷೀನಿಗೆ ಬೇಕಾದ್ರ ಒಂದು ಒಯ್ರಿ" ಎಂದು ನಕ್ಕರು. ಈಗ ಅವರಿಲ್ಲ. ಯಂತ್ರ ಕೆಟ್ಟು ಕಪಾಟು ಸೇರಿತು. ಪರದೆ ಮಾತ್ರ ತೇಪೆಯ ಮೇಲೆ ತೇಪೆ ಹಾಕಿಸಿಕೊಂಡು ಬಹಳ ವರ್ಷ ಬಾಳಿತು. ಈಗಿನವರು ಗಾಜಿನೊಳಗೆ ಇಡೀ ಗಂಧರ್ವಲೋಕ ಬೆಳೆಸುತ್ತಾರೆ, ಎಲೆಯ ಮೇಲಿನ ಇಬ್ಬನಿಯನ್ನೂ ಬಿಡುವುದಿಲ್ಲ. ನೋಡಿದಾಗಲೆಲ್ಲ ಬೆರಗಾಗುತ್ತೇನೆ. ಬೆರಗಾಗಿ, ಕೆಳಗಿನ ಎಲೆಗಳನ್ನು ನೋಡುತ್ತೇನೆ, ಆಡು ಬಂದಿತ್ತೇ ಎಂದು.

ಕಳೆದ ನವೆಂಬರಿನಲ್ಲಿ ಪೆನ್ಶನ್ನಿಗಾಗಿ ನಾನು ಬದುಕಿದ್ದೇನೆ ಎಂದು ಬರೆದುಕೊಡಲು ಬ್ಯಾಂಕಿಗೆ ಹೋಗಿದ್ದೆ. ಅಲ್ಲಿಯ ಹುಡುಗಿ ನನ್ನ ಸಹಿ ನೋಡಿ, "ಹಳೀ ಸಹಿಗೆ ಹೊಂದವಲ್ದರಿ ಅಜ್ಜಾರ, ಇನ್ನೊಮ್ಮೆ ಮಾಡ್ರಿ" ಅಂದಳು. ಮಾಡಿದೆ. ಮತ್ತೆ ಹೊಂದಲಿಲ್ಲ. ಗಟ್ಟಿ ಹಿಡಿದು ಮಾಡಿದೆ, ಇನ್ನೂ ಕೆಟ್ಟಿತು. ನನ್ನ ಕೈಯನ್ನು ನಾನೇ ನೋಡಿದೆ. ಗಾಬರಿಯಾಗಬೇಕಿತ್ತು, ನಗು ಬಂತು. ಕೆಟ್ಟುಹೋದ ಅರ್ಜಿಯನ್ನು ಕೇಳಿ ಪಡೆದು, ಹೊರಗಿನ ಕಟ್ಟೆಯ ಮೇಲೆ ಕುಳಿತು, ಅದರ ಬೆನ್ನಿಗೆ ಒಂದು ಕಾಂಡ ಎಳೆದೆ. ಕೈಯನ್ನು ಅದರ ಪಾಡಿಗೆ ಬಿಟ್ಟೆ. ಪೆನ್ನಿನ ತುದಿ ತಾಗಿತು, ನಡುಗಿತು, ಎದ್ದಿತು. ಎಲೆ. ಮೀನಲ್ಲ, ಎಲೆ! ಅದರ ಪಕ್ಕ ಇನ್ನೊಂದು. ಎಪ್ಪತ್ತು ದಾಟಿದ ಮೇಲೆ ನನ್ನ ಕೈಯಿಂದ ಮೊದಲ ಸಲ ಒಂದು ಮರ ಬಂತು. ಮೇಲೆಲ್ಲ ಎಲೆ ತುಂಬಿ, ಕೆಳಗಿನ ಕೊಂಬೆಗಳನ್ನು ಬರಿದಾಗಿ ಬಿಟ್ಟೆ.